ಇನ್ನೂರನೇ ಆಟದ ಗಾಳಿ

ನಮ್ಮ ಪಾರ್ಕಿನಲ್ಲಿ ಪ್ರತಿ ಶನಿವಾರ ಸಂಜೆ ಏಳೂವರೆಗೆ ಬಾಣಬಿರುಸು ಹಾರಿಸುತ್ತಾರೆ. ಹಾರಿಸುವ ಮೊದಲು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮೈಕಿನಲ್ಲಿ ಮಾತಾಡುವುದೂ ನನ್ನದೇ. ಎರಡರಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದ್ದರೆ ಗಾಳಿ ಎಂದೇ ಹೇಳುತ್ತಿದ್ದೆ. ಆದರೆ ಇನ್ನೂರನೇ ಆಟದ ದಿನ ನಾನು ನಡೆದುಕೊಂಡದ್ದು ಹಾಗಲ್ಲ.

ಪಾರ್ಕು ಇರುವುದು ಹರವೆ ಎಂಬ ಊರಿಗೆ ಮೂಡಲಲ್ಲಿ. ನೀರಿನ ಜಾರುಬಂಡೆ, ದೊಡ್ಡ ತಿರುಗು ತೊಟ್ಟಿಲು, ಮಧ್ಯದಲ್ಲಿ ಒಂದು ಕಟ್ಟಿಸಿದ ಕೆರೆ. ಪಡುವಲಲ್ಲಿ ಕಾಂಪೌಂಡ್ ಮುಗಿದು ಒಂದು ಹೊಲ ದಾಟಿದರೆ ಶಿವರುದ್ರಮ್ಮನ ಹಿಪ್ಪುನೇರಳೆ ತೋಟ. ಶಿವರುದ್ರಮ್ಮ ನನ್ನ ಅವ್ವನ ಅಕ್ಕ. ನನಗೆ ಒಂಬತ್ತು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು, ಆಮೇಲೆ ನನ್ನನ್ನು ಸಾಕಿದವಳು ಈ ದೊಡ್ಡಮ್ಮನೇ. ಹಗಲು ಚಾಮರಾಜನಗರದ ಬಟ್ಟೆ ಅಂಗಡಿಯಲ್ಲಿ ನಿಂತು ಸಂಜೆ ತರಗತಿಯಲ್ಲಿ ಬಿ.ಎ. ಓದುತ್ತಿದ್ದ ಕಾಲದಲ್ಲಿ, ನಾನು ಕೊನೆಯ ಬಸ್ಸಿಳಿಯುವಾಗ ಸ್ಟಾಪಿನಲ್ಲಿ ಟಾರ್ಚು ಹಿಡಿದು ಕಾಯುತ್ತಿದ್ದವಳೂ ಅವಳೇ.

ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಾಳೆ. ಹುಳುವಿಗೆ ಹೊಗೆ ಆಗುವುದಿಲ್ಲ, ಘಾಟು ಆಗುವುದಿಲ್ಲ. ಬೀಡಿ ಸೇದಿದವನು ಹುಳುಮನೆಯೊಳಗೆ ಬರುವಂತಿಲ್ಲ. ಒಗ್ಗರಣೆ ಹಾಕಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಬಾಗಿಲಲ್ಲಿ ಸುಣ್ಣದ ಗೆರೆ ಇರುತ್ತದೆ, ಹೊರಗಿನವರು ಅದನ್ನು ದಾಟುವಂತಿಲ್ಲ. ಪಾರ್ಕಿನವರು ಬಾಣಬಿರುಸು ಶುರುಮಾಡುತ್ತೇವೆ ಎಂದಾಗ ಪಂಚಾಯಿತಿಯಲ್ಲಿ ಎದ್ದು ನಿಂತು ಬೇಡ ಎಂದವಳು ಅವಳೊಬ್ಬಳೇ. ಕೊನೆಗೆ ಒಂದು ಏರ್ಪಾಡಾಯಿತು. ಮೂಡಣ ಗಾಳಿ ಬೀಸಿ ಹೊಗೆ ತೋಟದ ಕಡೆ ಹೋಗುವಂತಿದ್ದರೆ ಆ ದಿನ ಮೇಲೆ ಹಾರುವ ಗುಂಡು ಹಾರಿಸುವುದಿಲ್ಲ, ಕೆರೆಯ ಆಚೆ ದಂಡೆಯಲ್ಲಿ ನಾಲ್ಕು ಹೂಕುಂಡ ಹಚ್ಚಿ ಮುಗಿಸುವುದು. ಗಾಳಿ ನೋಡುವವಳು ನಾನು ಎಂದು ಗೊತ್ತಾದ ಮೇಲೆ ದೊಡ್ಡಮ್ಮ, "ನಮ್ ನಾಗು ನೋಡ್ತಾಳೆ ಅಂದ್ಮ್ಯಾಕೆ ಸರಿ ಬುಡಿ, ನಂದೇನಿಲ್ಲ" ಎಂದು ಕೂತುಬಿಟ್ಟಳು.

ನೋಡುವ ರೀತಿ ಸುಲಭ. ಟಿಕೆಟ್ ಕೌಂಟರಿನ ತಾರಸಿಯ ಮೇಲೆ ಒಂದು ಬಿದಿರಿನ ಗಳ, ಅದರ ತುದಿಗೆ ಹಳೆ ಸೀರೆಯ ಚೂರು. ಸೀರೆ ದೊಡ್ಡಮ್ಮನದು, ಕಟ್ಟಿದವನು ಬಾಣಬಿರುಸು ಹಚ್ಚುವ ಮಾದಣ್ಣ. ಏಳು ಗಂಟೆಗೆ ಮೂವತ್ತೆರಡು ಮೆಟ್ಟಿಲು ಹತ್ತಿ, ಟಾರ್ಚು ಬಿಟ್ಟು, ಬಟ್ಟೆ ಎತ್ತ ಹಾರುತ್ತಿದೆ ನೋಡಿ, ಇಳಿದು ಪುಸ್ತಕದಲ್ಲಿ ಬರೆದು, ಮಾದಣ್ಣನಿಗೆ ವಾಕಿಟಾಕಿಯಲ್ಲಿ ಹೇಳಬೇಕು. ನೂರ ತೊಂಬತ್ತೊಂಬತ್ತು ಸಲ ಹತ್ತಿದ್ದೇನೆ. ಜ್ವರ ಇದ್ದಾಗಲೂ ಹತ್ತಿದ್ದೇನೆ.

ಇನ್ನೂರನೆಯದು ದಸರಾ ರಜೆಯ ಶನಿವಾರ ಬಿತ್ತು. ಅದಕ್ಕೆ ಹದಿನೈದು ದಿನ ಮೊದಲು ಮ್ಯಾನೇಜರ್ ಸುನೀಲ್ ಕುಮಾರ್ ನನ್ನನ್ನು ಕರೆದರು.

"ನಾಗರತ್ನ ಅವ್ರೇ, ಇನ್ನೂರನೇ ಶೋ. ಬರೀ ಸ್ವಾಗತ ಸುಸ್ವಾಗತ ಬೇಡ. ಪಾರ್ಕುಗಳಲ್ಲಿ ಇದು ಹೆಂಗೆ ಶುರುವಾಯ್ತು, ಎಲ್ಲಿಂದ ಬಂತು, ಒಂದು ಹತ್ತು ನಿಮಿಷ ಹಿಸ್ಟರಿ ಬರೀರಿ. ನೀವು ಓದ್ತಾ ಹೋಗಿ, ಒಂದೊಂದು ಪ್ಯಾರಾಕ್ಕೆ ಒಂದೊಂದು ಗುಂಡು ಬಿಡ್ಸೋಣ. ನೀವು ಓದಿರೋರು."

ಓದಿರೋರು ಎಂದು ನನಗೆ ಹೇಳಿದವರು ಕಡಿಮೆ. ಸಂಜೆ ತರಗತಿಯ ಡಿಗ್ರಿಯನ್ನು ನಾನೇ ಅರ್ಧ ಡಿಗ್ರಿ ಎಂದುಕೊಂಡವಳು. ಹದಿನೈದು ದಿನವೂ ಲೈಬ್ರರಿಗೆ ಹೋದೆ, ಫೋನಿನಲ್ಲಿ ಹುಡುಕಿದೆ, ಒಂದೊಂದು ಸಂಗತಿಯನ್ನೂ ಎರಡು ಕಡೆ ನೋಡಿಯೇ ಬರೆದುಕೊಂಡೆ. ಇನ್ನೂರೈವತ್ತು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ದುಡ್ಡು ಕೊಟ್ಟು ಒಳಗೆ ಹೋಗುವ ವಿಹಾರದ ತೋಟಗಳಿದ್ದವು, ಅಲ್ಲಿ ಸಂಗೀತ ಕಛೇರಿಯ ಜೊತೆಗೆ ಬಾಣಬಿರುಸೂ ಇರುತ್ತಿತ್ತು. ಅಮೆರಿಕದಲ್ಲಿ ಸುಮಾರು ಎಪ್ಪತ್ತು ವರ್ಷದ ಹಿಂದೆ ತೆರೆದ ಒಂದು ದೊಡ್ಡ ಪಾರ್ಕಿನಲ್ಲಿ, ಜನ ಸಂಜೆಯಾಗುತ್ತಲೇ ಮನೆಗೆ ಹೊರಡುತ್ತಾರೆಂದು, ಅವರನ್ನು ನಿಲ್ಲಿಸಿಕೊಳ್ಳಲು ಬೇಸಿಗೆಯ ರಾತ್ರಿಗಳಲ್ಲಿ ಹಾರಿಸತೊಡಗಿದರು. ಮೊದಮೊದಲು ಮನುಷ್ಯರೇ ಕತ್ತಲಲ್ಲಿ ಓಡಾಡಿ ಕೈಯಿಂದ ಹಚ್ಚುತ್ತಿದ್ದರು, ಆಮೇಲೆ ಹಾಡಿನ ತಾಳಕ್ಕೆ ಸರಿಯಾಗಿ ಕಂಪ್ಯೂಟರು ಹಚ್ಚತೊಡಗಿತು. ಓದುವಾಗ ನಗು ಬಂತು. ನಮ್ಮದೂ ಹಾಗೆಯೇ. ಮೊದಲ ವರ್ಷ ಆರು ಗಂಟೆಗೆಲ್ಲ ಪಾರ್ಕು ಖಾಲಿಯಾಗುತ್ತಿತ್ತು. ದೀಪಾವಳಿಯ ದಿನ ಮಾದಣ್ಣ ತನ್ನ ಖುಷಿಗೆ ಹತ್ತು ಹೂಕುಂಡ ಹಚ್ಚಿದ, ಬಸ್ಸು ಹತ್ತಿ ಕೂತಿದ್ದವರೂ ಇಳಿದು ಬಂದರು.

ಇನ್ನೊಂದು ಸಂಗತಿಯೂ ಸಿಕ್ಕಿತು. ಅಮೆರಿಕದ ಅದೇ ಪಾರ್ಕು ಸುಮಾರು ಇಪ್ಪತ್ತು ವರ್ಷದ ಹಿಂದೆ ಮದ್ದಿನ ಬದಲು ಗಾಳಿಯ ಒತ್ತಡದಿಂದ ಗುಂಡು ಎಸೆಯುವ ಯಂತ್ರ ತಂದಿತು, ನೆಲದ ಹತ್ತಿರ ಹೊಗೆ ಕಡಿಮೆಯಾಗಲಿ ಎಂದು. ಅದನ್ನೂ ಬರೆದೆ. ಸುನೀಲ್ ಕುಮಾರ್ ಆ ಸಾಲಿನ ಮೇಲೆ ಪೆನ್ನು ಎಳೆದರು.

"ಇದು ಬೇಡ. ಹೊಗೆ ಅಂತ ನಾವೇ ಯಾಕೆ ನೆನಪಿಸೋದು?"

"ಸರಿ ಸಾರ್" ಎಂದೆ.

ಆ ಶನಿವಾರ ಕೇರಳದ ಕಡೆಯಿಂದಲೇ ಆರು ಬಸ್ಸು ಬಂದಿದ್ದವು. ಏಳು ಗಂಟೆಗೆ ನಾನು ಮೈಕಿನ ಕೋಣೆಯಲ್ಲಿ ಕೂತು ನನ್ನ ಬರಹವನ್ನು ಎಂಟನೇ ಸಲ ಓದುತ್ತಿದ್ದೆ. ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದೆ. ಏಳು ಹತ್ತಾಯಿತು. ಏಳೂಕಾಲಾಯಿತು. ವಾಕಿಟಾಕಿಯಲ್ಲಿ ಮಾದಣ್ಣನ ದನಿ ಬಂತು.

"ನಾಗವ್ವಾ, ಗಾಳಿ ಎಂಗದೆ?"

ಪುಸ್ತಕ ಎದುರಿಗೇ ಇತ್ತು. ಹಿಂದಿನ ಶನಿವಾರ ಪಡುವಣ ಗಾಳಿ. ಅದರ ಹಿಂದಿನದೂ ಪಡುವಣ. ಜೂನಿನಿಂದ ಪುಟದ ತುಂಬ ಪಡುವಣವೇ. ನಾನು ಅದನ್ನೇ ಕೆಳಗಿನ ಸಾಲಿಗೆ ಇಳಿಸಿ ಸಹಿ ಹಾಕಿದೆ.

"ಪಡುವಣವೇ ಮಾದಣ್ಣ."

"ಮ್ಯಾಕತ್ತಿ ನೋಡ್ದಾ?"

"ಹ್ಞೂಂ."

ಆಶ್ವೀಜದಲ್ಲಿ ಗಾಳಿ ತಿರುಗುತ್ತದೆ ಎಂದು ಹರವೆಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಟ ಶುರುವಾಯಿತು. ಲಂಡನ್ನಿನ ತೋಟದ ಪ್ಯಾರಾ ಮುಗಿದು ಮೂರನೇ ಗುಂಡು ಬೆಳ್ಳಗೆ ಅರಳಿದಾಗ, ಮೊದಲೆರಡರ ಹೊಗೆ ಆ ಬೆಳಕಿನಲ್ಲಿ ಕಾಣಿಸಿತು. ಅದು ಪಡುವಲಿಗೆ ಸರಿಯುತ್ತಿತ್ತು. ಕಾಂಪೌಂಡ್ ದಾಟಿ, ತಗ್ಗಿಕೊಂಡು, ತೋಟದ ಕಡೆಗೆ. ವಾಕಿಟಾಕಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ನಿಲ್ಲಿಸು ಎಂದರೆ ಮಾದಣ್ಣ ನಿಲ್ಲಿಸುತ್ತಿದ್ದ, ಆ ಮಾತು ಹೇಳುವ ಅಧಿಕಾರ ನನಗೊಬ್ಬಳಿಗೇ ಇತ್ತು. ನನ್ನ ಕೈಯಲ್ಲಿ ಇನ್ನೂ ಎರಡು ಪುಟ ಉಳಿದಿದ್ದವು. ಓದಿದೆ. ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸರಿಯಾಗಿ ಉಸಿರು ಎಳೆದುಕೊಂಡೆ.

ಚಪ್ಪಾಳೆ ಜೋರಾಗಿ ಬಿತ್ತು. ಒಬ್ಬ ಮಲಯಾಳಿ ಅಜ್ಜ ಕೋಣೆಯ ಬಾಗಿಲಿಗೇ ಬಂದು, "ನಮ್ದು ದೇವಸ್ಥಾನದ ಪೂರಂ ಹಬ್ಬದ ಬಾಣಬಿರುಸು ಇದಕ್ಕಿನ್ನ ದೊಡ್ದು, ಮೋಳೇ. ಆದ್ರೆ ಕಥೆ ಯಾರೂ ಹೇಳಲ್ಲ" ಎಂದು ಕೈ ಮುಗಿದ.

ಎಂಟು ಇಪ್ಪತ್ತಕ್ಕೆ ಚಾಮರಾಜನಗರದ ನನ್ನ ರೂಮಿಗೆ ಹೋಗಲು ಬಸ್ಸಿಗೆ ನಿಂತಾಗ ಫೋನು ತೆಗೆದೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ದೊಡ್ಡಮ್ಮನ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯದು, ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟಬೇಕಾದವು. ನಾಳೆ ಆ ತೋಟದ ಸೊಪ್ಪು ಕುಯ್ಯಬೇಡಿ ಎಂದು ಒಂದು ಮಾತು ಹೇಳಿದ್ದರೆ, ಅವಳ ಮಗ ಮಹದೇವ ಹರದನಹಳ್ಳಿಯ ನೆಂಟರ ತೋಟದಿಂದ ಸೊಪ್ಪು ತರುತ್ತಿದ್ದ. ಹಿಂದೆಯೂ ಹಾಗೆ ತಂದದ್ದಿದೆ. ಆದರೆ ದೊಡ್ಡಮ್ಮ, 'ಯಾಕಮ್ಮಿ, ಗಾಳಿ ನೋಡ್ನಿಲ್ವಾ?' ಎಂದು ಕೇಳುತ್ತಾಳಲ್ಲ. ಸೊಪ್ಪಿನ ಮೇಲೆ ಕೂತ ಹೊಗೆಯ ಮಸಿ ಇಬ್ಬನಿಗೆ ತೊಳೆದುಹೋಗಬಹುದು ಎಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿದೆ.

ಸೋಮವಾರ ನನಗೆ ರಜೆ. ಹರವೆಗೆ ಹೋದಾಗ ಮಹದೇವ ಮಂಕರಿಯಲ್ಲಿ ಹುಳು ಹೊತ್ತು ತಂದು ಹೊಸದಾಗಿ ತೋಡಿದ ಗುಂಡಿಗೆ ಸುರಿಯುತ್ತಿದ್ದ. ಬೆರಳುದ್ದ ಬೆಳೆದ ಬಿಳಿ ಹುಳು, ಬಾಯಲ್ಲಿ ಹಸಿರು ನೀರು. ಹುಳು ಸೊಪ್ಪು ತಿನ್ನುವಾಗ ಹುಳುಮನೆಯ ಮುಂದೆ ನಿಂತರೆ ಒಳಗೆ ಮಳೆ ಹುಯ್ಯುತ್ತಿರುವಂತೆ ಕೇಳಿಸುತ್ತದೆ. ಅಂದು ಏನೂ ಕೇಳಿಸಲಿಲ್ಲ.

"ಬಾ ನಾಗು" ಎಂದಳು ದೊಡ್ಡಮ್ಮ. "ಎಲ್ಲ ಮುಗುದೋಯ್ತು. ಹಣ್ಣಾಗಿ ಗೂಡು ಕಟ್ಟಕ್ಕೆ ಎಲ್ಡೇ ದಿನ ಇತ್ತು."

"ಏನಾಯ್ತು ದೊಡ್ಡಮ್ಮ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಏನಾಯ್ತಾ? ನಮ್ಮನೆ ಸೊಸೇನ ಕೇಳು. ಸೆಂಟು ಪೌಡ್ರು ಬಳ್ಕಂಡು ಒಳಗೋಗವ್ಳೆ."

ಸೊಸೆ ಎಂದರೆ ನಯನಾ, ಮಹದೇವನ ಹೆಂಡತಿ. ಮದುವೆಯಾಗಿ ಏಳು ತಿಂಗಳು. ತವರು ಗುಂಡ್ಲುಪೇಟೆ, ಮದುವೆಗೆ ಮುಂಚೆ ಅಲ್ಲಿ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದಳು, ಕಣ್ಣು ಊದಿತ್ತು.

"ಶನಿವಾರ ಒಂದು ರಿಸೆಪ್ಷನ್‌ಗೆ ಹೋಗಿದ್ದೆ ಅಕ್ಕ" ಎಂದಳು ನನಗೆ. "ಬಂದು ಮುಖ ತೊಳ್ಕೊಂಡೇ ಒಳಗೆ ಹೋದೆ. ಕತ್ತು ಸರಿಯಾಗಿ ತೊಳ್ದಿದ್ನೋ ಇಲ್ವೋ ನೆನಪಾಗ್ತಿಲ್ಲ."

ಅವಳೂ ನಂಬಿಬಿಟ್ಟಿದ್ದಳು.

ಪಕ್ಕದ ಮನೆಯ ಮಲ್ಲಿಗಮ್ಮ ಬೇಲಿಯ ಆಚೆಯಿಂದಲೇ ಹೇಳಿದಳು: "ಪಾರ್ಲರ್‌ನೋಳ್ನ ತಂದ್ರೆ ಹುಳಕ್ಕೂ ಮೇಕಪ್ಪು ಮಾಡ್ತಾಳೆ ಕಣಕ್ಕ. ಕಾಲ್ಗುಣಾನೂ ನೋಡ್ಬೇಕಿತ್ತು ನೀನು."

"ಮೂವತ್ತು ವರ್ಸ ಆಯ್ತು ನಾನು ಹುಳ ಮೇಯ್ಸಕ್ಕೆ ಹಿಡ್ದು. ಒಂದ್ ಬೆಳೇನೂ ಹಿಂಗೆ ಗುಂಡಿಗೆ ಸುರ್ದಿಲ್ಲ" ಎಂದಳು ದೊಡ್ಡಮ್ಮ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ಕಡೆ ತಿರುಗಿದಳು.

"ಪಾರ್ಕಿನ ಹೊಗೆ ಇರ್ಬೋದು ಅಂದ ಮಾದೇವ. ನಾನೇ ಬೈದೆ. ನಾಗು ಇರೋವಾಗ ಹಂಗಾಯ್ತದೇನ್ಲಾ ಅಂದೆ. ಅವತ್ತು ಪಡುವಣ ಗಾಳಿ ತಾನೇ?"

"ಪಡುವಣ ಅಂತ ಬರೆದಿದೆ" ಎಂದೆ.

ಸುಳ್ಳು ಹೇಳಬಾರದೆಂದು ಹಾಗೆ ಹೇಳಿದೆ. ನೇರವಾಗಿ ಸುಳ್ಳು ಹೇಳಿದ್ದರೆ ಇಷ್ಟು ಕೆಟ್ಟದಾಗಿರುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಮಹದೇವ ಖಾಲಿ ಮಂಕರಿ ಕೆಳಗಿಟ್ಟು ನನ್ನನ್ನು ಒಂದು ಸಲ ನೋಡಿದ, ಮತ್ತೆ ಒಳಗೆ ಹೋದ.

ಬುಧವಾರ ನಯನಾಳನ್ನು ತವರಿಗೆ ಕಳಿಸಿದರು. ಮುಂದಿನ ಬೆಳೆ ಎದ್ದ ಮೇಲೆ ನೋಡೋಣ ಎಂದಳಂತೆ ದೊಡ್ಡಮ್ಮ. ಮಹದೇವ ಫೋನಿನಲ್ಲಿ ಹೇಳಿದ: "ಬಸ್ಸತ್ತಿಸ್ಬುಟ್ಟು ಬಂದೆ ಅಕ್ಕ. ಕಿಟಕಿ ಕಡೆ ಮಖ ಮಾಡ್ಕಂಡು ಕೂತಿದ್ಲು. ನನ್ ಕಡೆ ನೋಡ್ನೇ ಇಲ್ಲ."

ಅದೇ ವಾರ ಸುನೀಲ್ ಕುಮಾರ್ ನನ್ನ ಬರಹವನ್ನು ದೊಡ್ಡ ಬೋರ್ಡಿನ ಮೇಲೆ ಬರೆಸಿ ಗೇಟಿನ ಒಳಗೆ ನಿಲ್ಲಿಸುತ್ತೇವೆ ಎಂದರು. ಕೆಳಗೆ 'ಸಂಗ್ರಹ: ನಾಗರತ್ನ, ಬಿ.ಎ.' ಎಂದು ಬರುತ್ತದಂತೆ. ಹದಿನೈದು ದಿನದ ಹಿಂದಾಗಿದ್ದರೆ ಆ ಬೋರ್ಡನ್ನು ತೋರಿಸಲು ದೊಡ್ಡಮ್ಮನನ್ನೇ ಮೊದಲು ಕರೆತರುತ್ತಿದ್ದೆ.

ಇನ್ನೂರ ಒಂದನೇ ಆಟದ ದಿನ ಆರೂವರೆಗೇ ತಾರಸಿ ಹತ್ತಿದೆ. ಮಾದಣ್ಣ ಅಲ್ಲೇ ಇದ್ದ, ಹರಿದ ಬಟ್ಟೆಯನ್ನು ಬಿಗಿ ಮಾಡುತ್ತಿದ್ದ. ಬಟ್ಟೆ ಪಡುವಲ ಕಡೆಗೆ ಹಾರುತ್ತಿತ್ತು.

"ಮೂಡ್ಲ ಗಾಳಿ. ಇವತ್ತು ಹೂಕುಂಡವೇ" ಎಂದ. ಆಮೇಲೆ ಗಂಟು ಹಾಕುತ್ತಲೇ, "ಓದ್ ವಾರಾನೂ ಮೂಡ್ಲ ಗಾಳಿ ಅನ್ನಿಸ್ತು ಕಣವ್ವ ನಂಗೆ. ಹೊಗೆ ಅತ್ಲಾಗೇ ಓಯ್ತಿತ್ತು. ನಿಲ್ಸನ ಅನ್ಕಂಡೆ. ಆದ್ರೆ ನೀನು ಅತ್ತಿ ನೋಡಿದ್ದೀಯಲ್ಲ, ನನ್ ಕಣ್ಣೇ ಮಂಜಾಗೈತೆ ಅನ್ಕಂಡು ಹಚ್ತಾ ಓದೆ" ಎಂದ.

ಕೆಳಗಿಳಿದು ಪುಸ್ತಕ ತೆಗೆದು, ಇನ್ನೂರನೇ ಸಾಲಿನ ಪಕ್ಕದಲ್ಲಿ 'ನಾನು ಮೇಲೆ ಹತ್ತಿ ನೋಡಿರಲಿಲ್ಲ' ಎಂದು ಬರೆದೆ. ಸುನೀಲ್ ಕುಮಾರ್ ಅವರಿಗೆ ತೋರಿಸಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ಇದನ್ಯಾಕೆ ಬರೆದ್ರಿ? ಪಂಚಾಯಿತ್ಯೋರು ಕೇಳಿದ್ರೆ ಶೋನೇ ನಿಲ್ಲುತ್ತೆ. ಹುಳ ಹತ್ತು ಕಾರಣಕ್ಕೆ ಸಾಯ್ತವೆ, ನಿಮಗೇನು ಗೊತ್ತು?"

ಆ ಮಾತನ್ನು ಹಿಡಿದುಕೊಂಡು ಇನ್ನೂ ನಾಲ್ಕು ದಿನ ಕಳೆದೆ. ಹೌದಲ್ಲ, ನನಗೇನು ಗೊತ್ತು, ರೋಗವೂ ಇರಬಹುದು ಎಂದು. ಆದರೆ ರೋಗವಿದ್ದರೆ ಅದೂ ನಯನಾಳ ಕತ್ತಿನ ಪೌಡರಿನಿಂದ ಬಂದದ್ದಲ್ಲ. ಇಷ್ಟು ಯೋಚಿಸಲು ನನಗೆ ನಾಲ್ಕು ದಿನ ಬೇಕಾಯಿತು.

ಹನ್ನೊಂದನೇ ದಿನ, ಬುಧವಾರ, ಹರವೆಗೆ ಹೋದೆ. ದೊಡ್ಡಮ್ಮ ಅಂಗಳದಲ್ಲಿ ಹುಳುವಿನ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ನಿಂತೇ ಹೇಳಿದೆ. ಮೈಕಿನ ಕೋಣೆ, ಪುಸ್ತಕ, ಮೂರನೇ ಗುಂಡಿನ ಬೆಳಕು, ಬಸ್ ಸ್ಟಾಪಿನಲ್ಲಿ ತೆಗೆದು ಮತ್ತೆ ಒಳಗಿಟ್ಟ ಫೋನು, ಎಲ್ಲ. ಅವಳು ತಟ್ಟೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಮೆಟ್ಲು ಎಷ್ಟವೆ ಅಲ್ಲಿ?" ಎಂದಳು ಕೊನೆಗೆ.

"ಮೂವತ್ತೆರಡು."

"ಮೂವತ್ತೆರಡು ಮೆಟ್ಲು ಅತ್ತಕ್ಕಾಗ್ನಿಲ್ಲ ನಿಂಗೆ."

ಬೈಯಲಿ ಎಂದು ಕಾದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಹುಳ ಓದ್ರೆ ಓಯ್ತು ಕಣಮ್ಮಿ, ಇನ್ನೊಂದ್ ಬೆಳೆ ಮಾಡ್ಕಬೋದು. ಆ ಎಣ್ಣುಮಗಳಿಗೆ ನಾನು ಏನೇನ್ ಅಂದೆ? ಬಾಯಿಗ್ ಬಂದಂಗೆ ಅಂದೆ. ನೀನು ಇಲ್ಲೇ ನಿಂತಿದ್ದೆ. ನಾನಂತೂ ತಿಳೀದೆ ಅಂದೆ. ನೀನು ತಿಳ್ಕಂಡು ನಿಂತಿದ್ದೆ."

ತೊಳೆದ ತಟ್ಟೆಯನ್ನೇ ಮತ್ತೆ ನೀರಿಗೆ ಹಾಕಿದಳು. ಆಮೇಲೆ, "ಓಗು, ನೀನೇ ಓಗಿ ಯೇಳು ಅವ್ಳಿಗೆ. ನಂಗೆ ಮಖ ಇಲ್ಲ" ಎಂದಳು.

ಅದೇ ಮಧ್ಯಾಹ್ನ ಗುಂಡ್ಲುಪೇಟೆಗೆ ಬಸ್ಸು ಹತ್ತಿದೆ. ನಯನಾ ಹಳೆಯ ಪಾರ್ಲರಿಗೇ ಮತ್ತೆ ಹೋಗತೊಡಗಿದ್ದಳು. ನಾನು ಪರದೆ ಸರಿಸಿದಾಗ ಯಾರೋ ಹೆಂಗಸಿಗೆ ದಾರದಲ್ಲಿ ಹುಬ್ಬು ತೀಡುತ್ತಿದ್ದಳು. ದಾರದ ಒಂದು ತುದಿ ಅವಳ ಹಲ್ಲಿನಲ್ಲಿತ್ತು. ನನ್ನನ್ನು ಕಂಡು ಹುಬ್ಬೆತ್ತಿದಳೇ ಹೊರತು ಮಾತಾಡುವಂತಿರಲಿಲ್ಲ. ಇನ್ನು ಒಂದು ನಿಮಿಷ ಕಾದರೆ ನನ್ನ ಧೈರ್ಯ ಹೋಗುತ್ತದೆ ಎಂದು ಅಲ್ಲೇ ಹೇಳಲು ಶುರುಮಾಡಿದೆ. ಕುರ್ಚಿಯಲ್ಲಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಳು. ದಾರ ಒಂದು ಸಲವೂ ತಪ್ಪಲಿಲ್ಲ. ನನ್ನ ಮಾತು ಮುಗಿದ ಮೇಲೂ ನಯನಾ ಆ ಹುಬ್ಬನ್ನು ಕೊನೆಯವರೆಗೆ ತೀಡಿ, ಆಮೇಲೆ ಹಲ್ಲಿನಿಂದ ದಾರ ಬಿಟ್ಟಳು.

"ಹನ್ನೊಂದು ದಿನ, ಅಕ್ಕ."

"ಹೌದು."

"ದಿನಾ ಕತ್ತು ಉಜ್ಜಿ ಉಜ್ಜಿ ಗಾಯ ಮಾಡ್ಕೊಂಡೆ. ನೋಡಿ."

ನೋಡಿದೆ. ಕಿವಿಯ ಕೆಳಗೆ ಕೆಂಪಗೆ ತರಚಿತ್ತು.

"ಕೆಟ್ಟೋಳಲ್ಲ ನೀವು, ಗೊತ್ತು" ಎಂದಳು. ನನಗೆ ಅದನ್ನು ಕೇಳುವುದೇ ಕಷ್ಟವಾಯಿತು. "ಆದ್ರೆ ಅತ್ತೆ ನನ್ನ ಬೈದಿದ್ದು ಅಂಗಳದಲ್ಲಿ, ಬೀದಿಯೋರೆಲ್ಲ ಕೇಳೋ ಹಾಗೆ. ನೀವು ಹಿಸ್ಟರಿ ಓದಿದ್ದು ಮೈಕಲ್ಲಿ. ಇದನ್ನ ಮಾತ್ರ ಇಲ್ಲಿ ಪರದೆ ಹಿಂದೆ ಬಂದು ನನಗೊಬ್ಳಿಗೆ ಹೇಳಿದ್ರೆ ಸಾಕಾ?"

ಕುರ್ಚಿಯ ಹೆಂಗಸು ಕಣ್ಣು ಮುಚ್ಚಿಯೇ, "ಸರಿಯಾಗಿ ಕೇಳ್ದೆ ಬುಡವ್ವ" ಎಂದಳು.

ಸಾಲದು ಎಂದೆ. ಎಲ್ಲಿ, ಯಾವಾಗ ಎಂದು ಅವಳೇ ಹೇಳಿದಳು.

ಮೂರು ವಾರದ ಮೇಲೆ ದೊಡ್ಡಮ್ಮನ ಮನೆಗೆ ಹೊಸ ಚಾಕಿ, ಅಂದರೆ ಎಳೆಯ ಹುಳು, ಬರುವ ದಿನ. ಹುಳು ಮನೆಗೆ ಬರುವಾಗ ಅಕ್ಕಪಕ್ಕದವರು ಸೇರುತ್ತಾರೆ. ಮಲ್ಲಿಗಮ್ಮನೂ ಬಂದಿದ್ದಳು. ನಯನಾ ತಾಯಿಯ ಜೊತೆ ಬಂದು ಬಾಗಿಲ ಪಕ್ಕ ನಿಂತಿದ್ದಳು. ನಾನು ಸುಣ್ಣದ ಗೆರೆಯ ಈಚೆ ನಿಂತು, ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಹೇಳಿದೆ. ಉಸಿರು ಎಲ್ಲೆಲ್ಲೋ ನಿಂತಿತು. ಗಾಳಿ ನೋಡದೆ ಬರೆದವಳು ನಾನು, ಹೊಗೆ ಕಂಡರೂ ನಿಲ್ಲಿಸದವಳು ನಾನು, ಈ ಹುಡುಗಿಯನ್ನು ಬೈಯುವಾಗ ಗೊತ್ತಿದ್ದೂ ಸುಮ್ಮನಿದ್ದವಳು ನಾನು ಎಂದೆ.

ಮಲ್ಲಿಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, "ನಾನೂ ಏನೇನೋ ಅಂದ್ಬುಟ್ಟೆ ಕಣವ್ವ" ಎಂದು ನಯನಾಳ ಕಡೆ ನೋಡದೆ ಹೇಳಿದಳು.

ಈಗ ಮೈಕು ಭವ್ಯ ಎಂಬ ಹೊಸ ಹುಡುಗಿಯದು. ಬೋರ್ಡಿನ ಮೇಲೆ ನನ್ನ ಹೆಸರು ಬೇಡ ಎಂದೆ, ಸುನೀಲ್ ಕುಮಾರ್ ಬೇಗ ಒಪ್ಪಿದರು. ಪಂಚಾಯಿತಿಯವರು ಯುಗಾದಿಯವರೆಗೆ ಗುಂಡು ಬೇಡ ಎಂದಿದ್ದಾರೆ, ಹೂಕುಂಡ ಮಾತ್ರ. ಗಾಳಿ ಪುಸ್ತಕ ನನ್ನ ಹತ್ತಿರವೇ ಇದೆ. ಮಾದಣ್ಣ ಈಗ ನನ್ನ ಜೊತೆಗೇ ಮೆಟ್ಟಿಲು ಹತ್ತುತ್ತಾನೆ. ಯಾಕೆ ಎಂದು ನಾನು ಕೇಳಿಲ್ಲ.

ಅಂದು ನಾನು ಹೇಳಿ ಮುಗಿಸಿದ ಮೇಲೆ ದೊಡ್ಡಮ್ಮ ಚಾಕಿಯ ತಟ್ಟೆಯನ್ನು ನಯನಾಳ ಕೈಗೇ ಕೊಟ್ಟಳು. ನಯನಾ ಗೆರೆ ದಾಟಿ ಒಳಗೆ ಹೋದಳು. ಚಿಕ್ಕಂದಿನಿಂದ ಆ ಹುಳುಮನೆಯಲ್ಲಿ ಓಡಾಡಿದ ನನ್ನ ಕಾಲು ತಾನಾಗಿಯೇ ಮುಂದೆ ಬಂತು.

"ನೀ ಈಚೆ ನಿಲ್ಲು" ಎಂದಳು ದೊಡ್ಡಮ್ಮ. ಸಿಟ್ಟಿನಿಂದಲ್ಲ, ಹೊರಗಿನವರಿಗೆ ಹೇಳುವ ಹಾಗೆ.

ನಿಂತೆ. ಒಳಗೆ ಸೊಪ್ಪು ಹೆಚ್ಚುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಯನಾಳ ದನಿ ಬಂತು.

"ಅಕ್ಕ, ಇವತ್ತು ಗಾಳಿ ಎತ್ಲಾಗಿದೆ?"

ನೋಡದೆಯೇ ಹೇಳಬಹುದಿತ್ತು. ಕಾರ್ತೀಕ ಬಂದ ಮೇಲೆ ಹರವೆಯಲ್ಲಿ ಗಾಳಿ ಮೂಡಲಿಂದಲೇ, ಕೆನ್ನೆಗೇ ತಾಗುತ್ತಿತ್ತು.

"ಇರು, ನೋಡಿ ಹೇಳ್ತೀನಿ" ಎಂದು ಅಂಗಳಕ್ಕೆ ಇಳಿದೆ.